ಆರೋಪಿಯ ಕೈಗೆ ಬರುವ ಕಡತ: ಕರಾವಳಿಯ ಒಂದು ನ್ಯಾಯಾಲಯದಲ್ಲಿ ದೊರೆತ ಸೇವೆಯ ವಿಮರ್ಶೆ

ಪಹಣಿ, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಮುಂತಾದ ಸರ್ಕಾರಿ ಸೇವೆಗಳು ಹೇಗಿವೆ ಎಂದು ನಾವೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ, ಬರೆಯುತ್ತೇವೆ. ಕ್ರಿಮಿನಲ್ ಪ್ರಕರಣದಲ್ಲಿ ಸಿಲುಕಿದವನಿಗೆ ಅವನ ಮೇಲಿನ ದೋಷಾರೋಪ ಪಟ್ಟಿಯನ್ನೂ ಅದರ ಜೊತೆಗಿನ ದಾಖಲೆಗಳನ್ನೂ ಕೈಗೆ ಕೊಡುವುದು ಸಹ ಅಂಥದೇ ಒಂದು ಸೇವೆ. ಅದರ ಗುಣಮಟ್ಟದ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅದನ್ನು ಪಡೆದವರು ಹೊರಗೆ ಹೇಳಿಕೊಳ್ಳಲು ಇಷ್ಟಪಡದಿರುವುದೇ ಪ್ರಾಯಶಃ ಅದಕ್ಕೆ ಕಾರಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 230ರ ಪ್ರಕಾರ, ಆರೋಪಿ ನ್ಯಾಯಾಲಯಕ್ಕೆ ಹಾಜರಾದ ದಿನದಿಂದ 14 ದಿನಗಳೊಳಗೆ ಪೊಲೀಸ್ ವರದಿ, ಎಫ್‌ಐಆರ್, ಸಾಕ್ಷಿಗಳ ಹೇಳಿಕೆಗಳು ಮತ್ತು ವರದಿಯೊಂದಿಗೆ ಸಲ್ಲಿಸಿದ ಇತರ ದಾಖಲೆಗಳ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ನೊಂದವರ ಪರವಾಗಿ ವಕೀಲರಿದ್ದರೆ ಅವರಿಗೂ ಕೊಡಬೇಕು. ನಮ್ಮ ಜಿಲ್ಲೆಯ ಕರಾವಳಿಯ ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಈ ಸೇವೆಯನ್ನು ನನ್ನ ಸೋದರಳಿಯನ ಪ್ರಕರಣದಲ್ಲಿ ಹತ್ತಿರದಿಂದ ಕಂಡೆ. ಅದರ ಒಳ್ಳೆಯ ಭಾಗವನ್ನೂ ಅದರಲ್ಲಿರುವ ದೊಡ್ಡದೊಂದು ಕೊರತೆಯನ್ನೂ ಇಲ್ಲಿ ದಾಖಲಿಸುತ್ತಿದ್ದೇನೆ.

ಪ್ರಕರಣ ಇಷ್ಟು. ಸೋದರಳಿಯ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕರಾವಳಿಗೆ ಅಡಿಕೆ ಮತ್ತು ಕಿರಾಣಿ ಸಾಗಿಸುವ ಗೂಡ್ಸ್ ಗಾಡಿಯ ಚಾಲಕ. ಮಳೆಗಾಲದ ಒಂದು ಸಂಜೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಅವನ ಗಾಡಿಗೂ ಒಂದು ಬೈಕಿಗೂ ಅಪಘಾತವಾಗಿ ಬೈಕ್ ಸವಾರ ತೀರಿಕೊಂಡರು. ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಮತ್ತು 106(1)ರ ಅಡಿ, ಅಂದರೆ ಅಜಾಗರೂಕ ಚಾಲನೆ ಮತ್ತು ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ ಆರೋಪದ ಮೇಲೆ ಪ್ರಕರಣ ದಾಖಲಾಯಿತು. ವಿಚಾರಣೆ ಇನ್ನೂ ನಡೆಯುತ್ತಿರುವುದರಿಂದ ತಪ್ಪು ಯಾರದು ಎಂಬ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ. ಅದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಕಡತದ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲು ಒಳ್ಳೆಯದನ್ನು ಹೇಳಬೇಕು. ಪ್ರತಿಗಳು ಕಾಯಿದೆ ಹೇಳಿದ ಅವಧಿಯೊಳಗೇ ದೊರೆತವು. ಹಿಂದೆ ಇಂಗಾಲದ ಹಾಳೆ ಇಟ್ಟು ಬರೆದ, ಅಕ್ಷರ ಮಸುಕಾದ ಹೇಳಿಕೆಗಳನ್ನು ಭೂತಗನ್ನಡಿ ಹಿಡಿದು ಓದಬೇಕಾಗುತ್ತಿತ್ತು ಎಂದು ಹಿರಿಯ ವಕೀಲರು ಹೇಳುತ್ತಾರೆ; ಈಗ ಬಂದದ್ದು ಗಣಕದಲ್ಲಿ ಬೆರಳಚ್ಚು ಮಾಡಿದ, ಪುಟಸಂಖ್ಯೆ ಹಾಕಿದ, ಮೊದಲ ಪುಟದಲ್ಲೇ ಅನುಕ್ರಮಣಿಕೆ ಇರುವ ಕಡತ. ದಾಖಲೆಗಳಿಗೆ ಅನುಕ್ರಮಣಿಕೆ ಇರಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193 ಹೇಳುತ್ತದೆ, ಅದು ಪಾಲನೆಯಾಗಿತ್ತು. ಸ್ಥಳ ಪಂಚನಾಮೆ, ಕೈನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಮರಣೋತ್ತರ ಪರೀಕ್ಷೆಯ ವರದಿ ಎಲ್ಲವೂ ಸ್ಪಷ್ಟವಾಗಿ ಓದುವಂತಿದ್ದವು. ಒಂದು ರೂಪಾಯಿಯನ್ನೂ ಯಾರೂ ಕೇಳಲಿಲ್ಲ. ನ್ಯಾಯಾಲಯದ ಸಿಬ್ಬಂದಿ ಸೌಜನ್ಯದಿಂದ ನಡೆದುಕೊಂಡರು. ಪ್ರಕರಣದ ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿಕೊಳ್ಳಬಹುದಾದ್ದರಿಂದ ಬರಿದೇ ಘಟ್ಟ ಇಳಿದು ಹತ್ತುವ ಕಷ್ಟವೂ ಕಡಿಮೆಯಾಗಿದೆ.

ಕೊರತೆ ತಿಳಿದದ್ದು ಕಡತದಿಂದಲ್ಲ. ಅಪಘಾತ ನಡೆದ ತಿರುವಿನ ಬಳಿ ಇರುವ ಒಂದು ಗ್ಯಾರೇಜಿನ ಮಾಲೀಕರು, ಗಾಡಿ ಬಿಡಿಸಿಕೊಂಡು ಬರುವಾಗ ಸೋದರಳಿಯನನ್ನು ಗುರುತಿಸಿ, ‘ನಿಮ್ಮ ಅಪಘಾತದ ಮಾರನೇ ದಿನವೇ ಪೊಲೀಸರು ಬಂದು ನಮ್ಮ ಕ್ಯಾಮೆರಾದ ಡಿವಿಆರ್ ತೆಗೆದುಕೊಂಡು ಹೋದರಲ್ಲ, ಅದು ಯಾವಾಗ ವಾಪಸ್ ಬರುತ್ತದೆ, ನಿಮಗೇನಾದರೂ ಗೊತ್ತೋ?’ ಎಂದು ಕೇಳಿದರು. ಪೊಲೀಸರು ಕೊಟ್ಟ ನೋಟಿಸಿನ ಪ್ರತಿಯೂ ಅವರ ಬಳಿ ಇತ್ತು. ಮನೆಗೆ ಬಂದು ದೋಷಾರೋಪ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಿದೆವು. ಕ್ಯಾಮೆರಾದ ದೃಶ್ಯ ದಾಖಲಾಗುವ ಪೆಟ್ಟಿಗೆಯಾದ ಡಿವಿಆರ್ ಅನುಕ್ರಮಣಿಕೆಯಲ್ಲಿ ಇಲ್ಲ, ಮುದ್ದೆಮಾಲುಗಳ, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುಗಳ ಪಟ್ಟಿಯಲ್ಲಿ ಇಲ್ಲ, ಗ್ಯಾರೇಜಿನ ಮಾಲೀಕರ ಹೆಸರು ಸಾಕ್ಷಿಗಳ ಪಟ್ಟಿಯಲ್ಲಿ ಇಲ್ಲ. ಅಚ್ಚುಕಟ್ಟಾದ ಆ ಕಡತದ ಪ್ರಕಾರ ಅಂಥದ್ದೊಂದು ಕ್ಯಾಮೆರಾ ಆ ತಿರುವಿನಲ್ಲಿ ಇರಲೇ ಇಲ್ಲ.

ನಮ್ಮ ವಕೀಲರು ಅದೇ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 94ರ ಅಡಿ ಡಿವಿಆರ್ ತರಿಸಬೇಕೆಂದು ಅರ್ಜಿ ಹಾಕಿದರು. ಸರ್ಕಾರದ ಪರ ತಕರಾರು ಬಂತು: ಪ್ರಾಸಿಕ್ಯೂಷನ್ ಆ ವಸ್ತುವನ್ನು ತನ್ನ ಸಾಕ್ಷ್ಯವಾಗಿ ಅವಲಂಬಿಸಿಲ್ಲ, ದೋಷಾರೋಪ ಹೊರಿಸುವ ಹಂತದಲ್ಲಿ ಆರೋಪಿಗೆ ತನ್ನ ಪರವಾದ ದಾಖಲೆ ತರಿಸುವ ಹಕ್ಕಿಲ್ಲ ಎಂದು. ಈ ತಕರಾರಿಗೆ ಕಾನೂನಿನ ಆಧಾರ ಇಲ್ಲದಿಲ್ಲ. ದೇಬೇಂದ್ರನಾಥ್ ಪಾಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲಿ ಹಾಗೆಯೇ ಹೇಳಿದೆ. ಆದರೆ ಕರ್ನಾಟಕದಿಂದಲೇ ಮೇಲಕ್ಕೆ ಹೋದ ನಿತ್ಯ ಧರ್ಮಾನಂದ ಪ್ರಕರಣದಲ್ಲಿ ಅದೇ ನ್ಯಾಯಾಲಯ 2017ರಲ್ಲಿ ಒಂದು ಬಾಗಿಲನ್ನು ತೆರೆದಿಟ್ಟಿತು: ಅತ್ಯಂತ ನಂಬಲರ್ಹವಾದ ಸಾಮಗ್ರಿಯನ್ನು ತನಿಖಾಧಿಕಾರಿಯಾಗಲಿ ಅಭಿಯೋಜಕರಾಗಲಿ (ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲರು) ತಡೆಹಿಡಿದಿದ್ದಾರೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, ಅದು ದೋಷಾರೋಪ ಪಟ್ಟಿಯ ಭಾಗವಾಗಿಲ್ಲದಿದ್ದರೂ ಆ ಹಂತದಲ್ಲೇ ತರಿಸಿಕೊಳ್ಳಬಹುದು. ನಮ್ಮ ನ್ಯಾಯಾಧೀಶರು ಎರಡೂ ಕಡೆಯ ವಾದ ಕೇಳಿ, ಡಿವಿಆರ್ ಹಾಜರುಪಡಿಸಲು ಆದೇಶಿಸಿದರು. ಅದು ಠಾಣೆಯ ಮುದ್ದೆಮಾಲು ಕೋಣೆಯಲ್ಲಿ ಸುರಕ್ಷಿತವಾಗಿಯೇ ಇತ್ತು. ದೃಶ್ಯದ ಪ್ರತಿ ನಮ್ಮ ಕೈ ಸೇರುವ ಹೊತ್ತಿಗೆ ಮತ್ತೊಂದು ಮಳೆಗಾಲ ಕಳೆದಿತ್ತು. ಬೈಕ್ ಯಾವ ಬದಿಯಿಂದ ಬಂತು ಎಂಬ, ಇಡೀ ಪ್ರಕರಣ ನಿಂತಿರುವ ಪ್ರಶ್ನೆಗೆ ಸಂಬಂಧಿಸಿದ ಕೆಲವು ಕ್ಷಣಗಳು ಅದರಲ್ಲಿವೆ.

ಈ ತಡದಿಂದ ಆಗುವ ಹಾನಿ ಏನು ಎಂದು ಕೇಳುವವರಿಗೆ ಒಂದು ಅಂಶವನ್ನು ತಿಳಿಸಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 262ರ ಪ್ರಕಾರ ಇಂಥ ವಾರಂಟ್ ಪ್ರಕರಣಗಳಲ್ಲಿ ಆರೋಪದಿಂದ ಬಿಡುಗಡೆ ಕೋರುವ ಅರ್ಜಿಯನ್ನು, ಪ್ರತಿಗಳು ಕೈಗೆ ಬಂದ ದಿನದಿಂದ 60 ದಿನಗಳೊಳಗೆ ಹಾಕಬೇಕು. ಅಂದರೆ ಕಡತ ಕೊಟ್ಟ ದಿನವೇ ಗಡಿಯಾರ ಓಡಲು ತೊಡಗುತ್ತದೆ. ಕಡತದಲ್ಲಿ ಏನು ಇಲ್ಲವೆಂಬುದು ಗೊತ್ತಾಗುವ ಮೊದಲೇ ಅದು ನಿಂತೂ ಹೋಗಬಹುದು. ಗ್ಯಾರೇಜಿನ ಮಾಲೀಕರು ತಮ್ಮ ಡಿವಿಆರ್ ಬಗ್ಗೆ ಕೇಳದೇ ಹೋಗಿದ್ದರೆ ನಾವು ಎಲ್ಲಿರುತ್ತಿದ್ದೆವು? ಹಳೆಯ ಅರ್ಜಿಗಳನ್ನೂ ಕಾಯಿದೆಯನ್ನೂ ಹುಡುಕಿ ತೆಗೆಯುವ ಒಬ್ಬ ಮಾವ ಎಲ್ಲ ಚಾಲಕರಿಗೂ ಇರುವುದಿಲ್ಲ. ತೀರಿಕೊಂಡ ಸವಾರನ ಮನೆಯವರನ್ನೂ ಇಲ್ಲಿ ನೆನೆಯಬೇಕು. ತಮ್ಮ ಮಗನಿಗೆ ಕೊನೆಯ ಕ್ಷಣದಲ್ಲಿ ಏನಾಯಿತು ಎಂದು ತಿಳಿಯುವ ಹಕ್ಕು ಅವರಿಗೆ ಎಲ್ಲರಿಗಿಂತ ಹೆಚ್ಚಾಗಿದೆ, ಮತ್ತು ಅವರ ವಕೀಲರ ಕೈಗೆ ಬಂದದ್ದೂ ಡಿವಿಆರ್ ಇಲ್ಲದ ಅದೇ ಕಡತ.

ಇದಕ್ಕೆ ಉತ್ತರದಾಯಿ ಯಾರು ಎಂಬ ಪ್ರಶ್ನೆ ಕೇಳಿದಾಗ ಈ ಸೇವೆಯ ನಿಜವಾದ ದೌರ್ಬಲ್ಯ ಕಾಣಿಸಿತು. ದೃಶ್ಯ ಅಸ್ಪಷ್ಟವೆನಿಸಿತು, ಆದ್ದರಿಂದ ಸೇರಿಸಲಿಲ್ಲ ಎಂಬುದು ತನಿಖಾಧಿಕಾರಿಯ ವಿವರಣೆ. ನನ್ನ ಮುಂದೆ ಬಂದ ಕಡತದಲ್ಲಿ ಅದು ಇರಲಿಲ್ಲ, ಇಲ್ಲದ್ದನ್ನು ನಾನು ಹೇಗೆ ಕೊಡಲಿ ಎಂಬುದು ಎಪಿಪಿಯವರ, ಅಂದರೆ ಸಹಾಯಕ ಸರ್ಕಾರಿ ಅಭಿಯೋಜಕರ ಮಾತು. ಎಪಿಪಿಯವರ ಬಗ್ಗೆ ನ್ಯಾಯವಾಗಿ ಮಾತನಾಡಬೇಕೆಂದರೆ, ನಮ್ಮ ದೇಶದಲ್ಲಿ ದೋಷಾರೋಪ ಪಟ್ಟಿಯನ್ನು ಸಿದ್ಧಪಡಿಸುವುದು ಪೊಲೀಸರು, ಅಭಿಯೋಜಕರಲ್ಲ. ತನಿಖೆಯಲ್ಲಿ ಅಭಿಯೋಜಕರು ಕೈಹಾಕಬಾರದೆಂದು ಸುಪ್ರೀಂ ಕೋರ್ಟ್ 2000ದ ಆರ್. ಸರಳಾ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಬೆಳಿಗ್ಗೆ ಬೋರ್ಡಿನಲ್ಲಿರುವ ಪ್ರಕರಣಗಳ ಕಟ್ಟುಗಳನ್ನು ಒಬ್ಬರೇ ಹೊತ್ತು ತಂದು ಸಂಜೆಯವರೆಗೆ ಸಾಕ್ಷಿಗಳನ್ನು ವಿಚಾರಿಸುವ ಅವರ ಶ್ರಮವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಡಿವಿಆರ್ ಇದೆಯೆಂದು ಅರ್ಜಿಯಲ್ಲಿ ಬರೆದು ಕೊಟ್ಟ ಮೇಲೂ ಅದನ್ನು ತರಿಸಿ ನೋಡುವ ಬದಲು ತಕರಾರು ಸಲ್ಲಿಸಿದ್ದನ್ನು ನಾನು ಒಪ್ಪಲಾರೆ. ಆ ಹೊತ್ತಿನಿಂದ ಅದು ಪೊಲೀಸರೊಬ್ಬರ ಲೋಪವಾಗಿ ಉಳಿಯಲಿಲ್ಲ.

ಅಭಿಯೋಜಕರ ಕರ್ತವ್ಯ ಏನೆಂಬ ಬಗ್ಗೆ ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಹೇಗಾದರೂ ಶಿಕ್ಷೆ ಕೊಡಿಸಲೇಬೇಕೆಂಬ ದಾಹ ಸರ್ಕಾರಿ ಅಭಿಯೋಜಕರಿಗೆ ಇರಬಾರದು, ಆರೋಪಿಗೆ ಸಲ್ಲಬೇಕಾದ ನ್ಯಾಯಸಮ್ಮತ ಲಾಭವನ್ನು ಮುಂದಿಡುವುದು ಅವರ ಕೆಲಸವೇ ಎಂಬ ಅರ್ಥದ ಮಾತನ್ನು ಸುಪ್ರೀಂ ಕೋರ್ಟ್ 1999ರ ಶಿವಕುಮಾರ್ ಪ್ರಕರಣದಲ್ಲಿ ಹೇಳಿತು. 2010ರ ಮನು ಶರ್ಮಾ ತೀರ್ಪು ದಾಖಲೆಗಳನ್ನು ಬಹಿರಂಗಪಡಿಸುವ ಹೊಣೆಯನ್ನು ನ್ಯಾಯಯುತ ವಿಚಾರಣೆಯ ಹಕ್ಕಿನೊಂದಿಗೆ ಜೋಡಿಸಿತು. ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ಜಯಲಲಿತಾ ಆಸ್ತಿ ಪ್ರಕರಣದಿಂದ ಹುಟ್ಟಿದ ವಿ.ಕೆ. ಶಶಿಕಲಾ ತೀರ್ಪಿನಲ್ಲಿ (2012), ಪೊಲೀಸರು ನ್ಯಾಯಾಲಯಕ್ಕೆ ಕಳಿಸಿ ಆಮೇಲೆ ಬಳಸದೇ ಬಿಟ್ಟ ದಾಖಲೆಗಳನ್ನು ಆರೋಪಿ ಪರಿಶೀಲಿಸಬಹುದೆಂದಾಯಿತು. ನಮ್ಮಂಥವರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು 2021ರ ಏಪ್ರಿಲ್ 20ರ ಆದೇಶ. ಕ್ರಿಮಿನಲ್ ವಿಚಾರಣೆಗಳ ಕೊರತೆಗಳ ಬಗ್ಗೆ ಸ್ವಯಂಪ್ರೇರಿತವಾಗಿ ಎತ್ತಿಕೊಂಡ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರಡು ನಿಯಮಗಳನ್ನು ಅಂತಿಮಗೊಳಿಸಿ, ತನಿಖಾಧಿಕಾರಿ ಅವಲಂಬಿಸದೇ ಬಿಟ್ಟ ಹೇಳಿಕೆ, ದಾಖಲೆ ಮತ್ತು ವಸ್ತುಗಳ ಪಟ್ಟಿಯನ್ನೂ ಆರೋಪಿಗೆ ಕೊಡಬೇಕೆಂದು ಹೇಳಿತು, ಮತ್ತು ಆರು ತಿಂಗಳೊಳಗೆ ಅವುಗಳನ್ನು ಅಳವಡಿಸಿಕೊಳ್ಳುವಂತೆ ಹೈಕೋರ್ಟ್‌ಗಳಿಗೆ ಸೂಚಿಸಿತು. ಮರುವರ್ಷ ಮನೋಜ್ ಪ್ರಕರಣದಲ್ಲಿ, ಎಲ್ಲ ಕ್ರಿಮಿನಲ್ ವಿಚಾರಣೆಗಳಲ್ಲೂ ಪ್ರಾಸಿಕ್ಯೂಷನ್ ಇದನ್ನು ಪಾಲಿಸಬೇಕೆಂದಿತು. 2025ರ ಮೇ ತಿಂಗಳಲ್ಲಿ ಸರಳಾ ಗುಪ್ತಾ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯಕ್ಕೂ ಇದೇ ಹೊಣೆಯನ್ನು ಹೊರಿಸಿತು. ಹೀಗಿರುವಾಗ, ಕೋಟ್ಯಂತರ ರೂಪಾಯಿಯ ಹಣ ಅಕ್ರಮ ವರ್ಗಾವಣೆಯ ಆರೋಪಿಗೆ ದೊರೆಯುವ ಪಟ್ಟಿ ಗೂಡ್ಸ್ ಗಾಡಿಯ ಚಾಲಕನಿಗೆ ಕೇಳದೆಯೇ ದೊರೆಯಬೇಕಿತ್ತು. ನಮ್ಮ ಕಡತದಲ್ಲಿ ಅದು ಇರಲಿಲ್ಲ.

ಮಾತಿಗೂ ನಡತೆಗೂ ನಡುವಿನ ಈ ಅಂತರ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲೇ ಬ್ರೇಡಿ ಪ್ರಕರಣದಲ್ಲಿ, ಆರೋಪಿಗೆ ಅನುಕೂಲವಾದ ಮಹತ್ವದ ಸಾಕ್ಷ್ಯವನ್ನು ಅಭಿಯೋಜಕರು ಮುಚ್ಚಿಡುವುದು ಸಂವಿಧಾನಕ್ಕೆ ವಿರುದ್ಧ, ಅವರ ಉದ್ದೇಶ ಒಳ್ಳೆಯದಿದ್ದರೂ ಕೆಟ್ಟದಿದ್ದರೂ ಅಷ್ಟೇ ಎಂದು ತೀರ್ಪು ಕೊಟ್ಟಿತು. ಆದರೆ ಅದೇ ನ್ಯಾಯಾಲಯ 1976ರಲ್ಲಿ ಇಂಬ್ಲರ್ ಪ್ರಕರಣದಲ್ಲಿ, ನ್ಯಾಯಾಲಯದ ಕೆಲಸದಲ್ಲಿ ಮಾಡಿದ ತಪ್ಪಿಗೆ ಅಭಿಯೋಜಕರ ಮೇಲೆ ಪರಿಹಾರದ ದಾವೆ ಹೂಡಲಾಗದಂತೆ ಸಂಪೂರ್ಣ ರಕ್ಷಣೆಯನ್ನೂ ಕೊಟ್ಟಿತು. ಈ ಎರಡು ತೀರ್ಪುಗಳ ನಡುವೆ ಸಿಕ್ಕಿಬಿದ್ದವರಲ್ಲಿ ನ್ಯೂ ಆರ್ಲಿಯನ್ಸ್‌ನ ಜಾನ್ ಥಾಂಪ್ಸನ್ ಒಬ್ಬರು. ದರೋಡೆ ಯತ್ನದ ಪ್ರಕರಣದಲ್ಲಿ ದರೋಡೆಕೋರನ ರಕ್ತದ ಗುಂಪು ಬಿ ಎಂದು ಪ್ರಯೋಗಾಲಯದ ವರದಿ ಹೇಳಿತ್ತು, ಥಾಂಪ್ಸನ್ ಅವರದು ಒ. ವರದಿಯನ್ನು ಅವರ ವಕೀಲರಿಗೆ ಕೊಡಲಿಲ್ಲ. ಆ ಶಿಕ್ಷೆಯ ನೆರಳಿನಲ್ಲೇ ಕೊಲೆ ಪ್ರಕರಣದಲ್ಲೂ ಅಪರಾಧಿಯಾಗಿ ಅವರು 18 ವರ್ಷ ಸೆರೆಯಲ್ಲಿದ್ದರು, ಅದರಲ್ಲಿ 14 ವರ್ಷ ಮರಣದಂಡನೆಯ ಕೈದಿಯಾಗಿ. ಮುಚ್ಚಿಟ್ಟ ಅಭಿಯೋಜಕರಲ್ಲೊಬ್ಬರು ಸಾವಿನ ಅಂಚಿನಲ್ಲಿ ಸಹೋದ್ಯೋಗಿಯ ಬಳಿ ಅದನ್ನು ಹೇಳಿಕೊಂಡಿದ್ದರೂ, ಆ ಸಹೋದ್ಯೋಗಿ ಐದು ವರ್ಷ ಬಾಯಿ ಬಿಡಲಿಲ್ಲ. ಮರಣದಂಡನೆಗೆ ಕೆಲವೇ ವಾರಗಳಿರುವಾಗ, 1999ರಲ್ಲಿ, ಅವರ ವಕೀಲರ ಕಡೆಯ ತನಿಖೆಗಾರರೊಬ್ಬರಿಗೆ ಆ ವರದಿ ಸಿಕ್ಕಿತು. 2003ರ ಮರುವಿಚಾರಣೆಯಲ್ಲಿ ಥಾಂಪ್ಸನ್ ನಿರ್ದೋಷಿಯಾದರು. ಜ್ಯೂರಿ ಅವರಿಗೆ 1.4 ಕೋಟಿ ಡಾಲರ್ ಪರಿಹಾರ ಕೊಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಅದನ್ನೂ ಕಿತ್ತುಕೊಂಡಿತು.

ಟೆಕ್ಸಾಸ್‌ನಲ್ಲಿ ಬೇರೊಂದು ದಾರಿ ಕಂಡಿತು. ಹೆಂಡತಿಯ ಕೊಲೆಯ ಆರೋಪದಲ್ಲಿ ಸುಮಾರು 25 ವರ್ಷ ಸೆರೆಯಲ್ಲಿದ್ದು, ಡಿಎನ್‌ಎ ಪರೀಕ್ಷೆಯಿಂದ 2011ರಲ್ಲಿ ನಿರ್ದೋಷಿಯೆಂದು ಸಾಬೀತಾದ ಮೈಕೆಲ್ ಮಾರ್ಟನ್ ಅವರ ಪ್ರಕರಣದಲ್ಲಿ, ಸಾಕ್ಷ್ಯ ಮುಚ್ಚಿಟ್ಟ ಅಭಿಯೋಜಕರು ಆ ವೇಳೆಗೆ ನ್ಯಾಯಾಧೀಶರಾಗಿದ್ದರು. 2013ರಲ್ಲಿ ಅವರು ವಕೀಲಿ ಸನದನ್ನು ಬಿಟ್ಟುಕೊಟ್ಟು 10 ದಿನಗಳ ಜೈಲು ಶಿಕ್ಷೆಗೆ ಒಳಗಾದರು. 25 ವರ್ಷಕ್ಕೆ 10 ದಿನ ಎಂಬ ಲೆಕ್ಕ ಓದಿದಾಗ ನನಗೆ ಸಂಕಟವಾಯಿತು. ಆದರೆ ಆ ಪ್ರಕರಣದಿಂದ ಹುಟ್ಟಿದ ಮಾರ್ಟನ್ ಕಾಯಿದೆ ನನಗೆ ಬಹಳ ಹಿಡಿಸಿತು. ವಿಚಾರಣೆ ಅಥವಾ ತಪ್ಪೊಪ್ಪಿಗೆಗೆ ಮೊದಲು, ಯಾವ ಯಾವ ದಾಖಲೆ ಕೊಡಲಾಗಿದೆ ಎಂಬ ಪಟ್ಟಿಯನ್ನು ಎರಡೂ ಪಕ್ಷಗಳು ಬರಹದಲ್ಲಿ ಅಥವಾ ನ್ಯಾಯಾಲಯದ ದಾಖಲೆಯಲ್ಲಿ ದೃಢಪಡಿಸಬೇಕೆಂದು ಅದು ಹೇಳುತ್ತದೆ. ಆಮೇಲೆ ‘ನನ್ನ ಕಡತದಲ್ಲಿ ಇರಲಿಲ್ಲ’ ಎಂದು ಹೇಳುವುದು ಸುಲಭವಾಗುವುದಿಲ್ಲ.

ನಮ್ಮಲ್ಲಿ ಹೊಣೆಗಾರಿಕೆ ಇಲ್ಲವೇ ಇಲ್ಲ ಎನ್ನಲಾಗದು. 2014ರ ಜನವರಿಯಲ್ಲಿ ಕಿಶನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಖುಲಾಸೆಯನ್ನೂ ಪರಿಶೀಲಿಸಿ, ಲೋಪವೆಸಗಿದ ತನಿಖಾಧಿಕಾರಿ ಮತ್ತು ಅಭಿಯೋಜಕರನ್ನು ಗುರುತಿಸಿ ಇಲಾಖಾ ಕ್ರಮ ಕೈಗೊಳ್ಳಲು ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಆ ತೀರ್ಪು ನಿರಪರಾಧಿಗಳು ಸುಳ್ಳು ಮೊಕದ್ದಮೆಯಲ್ಲಿ ನರಳುವುದನ್ನೂ ಗಮನಿಸಿದೆ. ಆದರೆ ಪರಿಶೀಲನೆ ಆರಂಭವಾಗುವುದು ಖುಲಾಸೆಯಾದಾಗ. ಸಾಕ್ಷ್ಯ ಮುಚ್ಚಿಟ್ಟದ್ದು ಫಲ ಕೊಟ್ಟು ಆರೋಪಿಗೆ ಶಿಕ್ಷೆಯಾದರೆ ಯಾವ ಸಮಿತಿಯೂ ಆ ಕಡತವನ್ನು ತೆರೆಯುವುದಿಲ್ಲ. ಹೊಸ ಸಂಹಿತೆಯ ಕಲಂ 20 ಪ್ರಾಸಿಕ್ಯೂಷನ್ ನಿರ್ದೇಶನಾಲಯದ ಅಧಿಕಾರಿಗಳಿಗೆ ಪ್ರಕರಣಗಳ ಮೇಲೆ ನಿಗಾ ಇಡುವ ಕೆಲಸವನ್ನು ಹಂಚಿಕೊಟ್ಟಿದೆ, ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ನಮ್ಮಂಥ ಪ್ರಕರಣಗಳು ಸಹಾಯಕ ನಿರ್ದೇಶಕರ ಪಾಲಿಗೆ ಬರುತ್ತವೆ. ಅಲ್ಲಿ ಒತ್ತು ಇರುವುದು ಶೀಘ್ರ ವಿಲೇವಾರಿಗೆ. ಎಲ್ಲವನ್ನೂ ಬಹಿರಂಗಪಡಿಸಲಾಗಿದೆಯೇ ಎಂದು ನೋಡುವ ಮಾತು ಅದರಲ್ಲಿಲ್ಲ.

ಭಾರತೀಯ ವಕೀಲರ ಪರಿಷತ್ತಿನ ನಿಯಮಾವಳಿ ಮಾತ್ರ ನೇರವಾಗಿದೆ: ಪ್ರಾಸಿಕ್ಯೂಷನ್ ಪರ ಹಾಜರಾಗುವ ವಕೀಲರು ನಿರಪರಾಧಿಗೆ ಶಿಕ್ಷೆಯಾಗದಂತೆ ಪ್ರಕರಣ ನಡೆಸಬೇಕು, ಆರೋಪಿಯ ನಿರಪರಾಧಿತ್ವವನ್ನು ತೋರಿಸಬಲ್ಲ ಸಾಮಗ್ರಿಯನ್ನು ಮುಚ್ಚಿಡುವುದನ್ನು ಕಟ್ಟುನಿಟ್ಟಾಗಿ ತ್ಯಜಿಸಬೇಕು ಎಂದು ಅದರಲ್ಲಿದೆ. ಇದರ ಅಡಿ ಯಾರ ಮೇಲಾದರೂ ಶಿಸ್ತು ಕ್ರಮ ನಡೆದದ್ದು ನೆನಪಿದೆಯೇ ಎಂದು ನಾನು ಶಿರಸಿಯಲ್ಲೂ ಕರಾವಳಿಯಲ್ಲೂ ಪರಿಚಯದ ಹಿರಿಯ ವಕೀಲರನ್ನು ಕೇಳಿದೆ. ಅವರಲ್ಲಿ ಯಾರೂ ಒಂದು ಪ್ರಸಂಗವನ್ನೂ ಹೇಳಲಿಲ್ಲ. ಅಳೆಯದೇ ಇಟ್ಟ ಸೇರಿನಂತೆ ಈ ನಿಯಮ ಪುಸ್ತಕದಲ್ಲಿ ಉಳಿದಿದೆ.

ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಹೊಸ ದೊಡ್ಡ ಕಾಯಿದೆಯೇನೂ ಬೇಕಿಲ್ಲ. ಪ್ರತಿಗಳನ್ನು ಕೊಡುವ ದಿನ, ಅವಲಂಬಿಸದ ಸಾಮಗ್ರಿಗಳ ಪಟ್ಟಿಗೆ ತನಿಖಾಧಿಕಾರಿಯ ಸಹಿ ಇರಲಿ. ಠಾಣೆಯ ಮುದ್ದೆಮಾಲು ವಹಿಯೊಂದಿಗೆ ಅದನ್ನು ತಾಳೆ ನೋಡಿದ್ದೇನೆ ಎಂದು ಎಪಿಪಿಯವರ ಸಹಿಯೂ ಇರಲಿ. ಏನೂ ಇಲ್ಲದಿದ್ದರೆ ‘ಇಲ್ಲ’ ಎಂದೇ ಬರೆದು ಸಹಿ ಮಾಡಲಿ. ಆಮೇಲೆ ಡಿವಿಆರ್ ಹೊರಬಂದರೆ, ಅದು ಮರೆವೋ ಉದ್ದೇಶವೋ ಎಂದು ನ್ಯಾಯಾಧೀಶರು ತಮ್ಮ ಆದೇಶದಲ್ಲೇ ದಾಖಲಿಸಲಿ, ಆ ಆದೇಶ ಅಧಿಕಾರಿಯ ಸೇವಾ ಕಡತಕ್ಕೂ ಹೋಗಲಿ. ಮರೆತವರಿಗೆ ಎಚ್ಚರಿಕೆ ಸಾಕು. ಗೊತ್ತಿದ್ದೂ ಅಡಗಿಸಿದವರಿಗೆ ಬಡ್ತಿ ಸಿಗಬಾರದು, ಮತ್ತು ಮೊಕದ್ದಮೆ ಹೂಡಲು ಕಲಂ 218ರ ಅಡಿ ಬೇಕಾದ ಅನುಮತಿಯನ್ನು ಸರ್ಕಾರ ತಡೆಹಿಡಿಯಬಾರದು. 120 ದಿನಗಳಲ್ಲಿ ತೀರ್ಮಾನಿಸದಿದ್ದರೆ ಅನುಮತಿ ದೊರೆತಂತೆ ಎಂದು ಹೊಸ ಸಂಹಿತೆಯೇ ಹೇಳಿರುವುದು ಸಮಾಧಾನದ ಸಂಗತಿ. ತಪ್ಪು ಮೊಕದ್ದಮೆಗೆ ಸಿಲುಕಿದವರಿಗೆ ಪರಿಹಾರ ಕೊಡುವ ವಿಶೇಷ ವ್ಯವಸ್ಥೆಯನ್ನು ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಅದನ್ನೂ ಇದರ ಜೊತೆಗೆ ಕೈಗೆತ್ತಿಕೊಳ್ಳಬೇಕು.

ಅಂಕ ಕೊಡುವುದಾದರೆ, ಅವಲಂಬಿಸಿದ ದಾಖಲೆಗಳನ್ನು ಒದಗಿಸಿದ ರೀತಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಡಿವಿಆರ್ ತರಿಸಿದ ನ್ಯಾಯಾಲಯದ ಆದೇಶಕ್ಕೆ ಪೂರ್ಣ ಗೌರವ ಸಲ್ಲಿಸುತ್ತೇನೆ. ಅವಲಂಬಿಸದ ಸಾಮಗ್ರಿಯ ವಿಷಯದಲ್ಲಿ ಸೇವೆಯೇ ದೊರೆಯಲಿಲ್ಲವಾದ್ದರಿಂದ ಅಂಕದ ಪ್ರಶ್ನೆ ಬರುವುದಿಲ್ಲ.

ಜಿಲ್ಲೆಯಲ್ಲಿ ಇದೇ ಸ್ಥಿತಿಯಲ್ಲಿರುವವರಿಗೆ ಕೆಲವು ವಿಷಯಗಳನ್ನು ತಿಳಿಸುತ್ತೇನೆ. ಘಟನೆ ನಡೆದ ಜಾಗದ ಸುತ್ತ ಕ್ಯಾಮೆರಾಗಳಿದ್ದರೆ, ಅಂಗಡಿ, ಪೆಟ್ರೋಲ್ ಬಂಕ್ ಅಥವಾ ಗ್ಯಾರೇಜಿನ ಡಿವಿಆರ್‌ನಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತಾ ಹೋಗುವುದರಿಂದ, ಅದನ್ನು ಕಾಯ್ದಿಡಬೇಕೆಂದು ಮೊದಲ ವಾರದಲ್ಲೇ ಠಾಣೆಗೂ ನ್ಯಾಯಾಲಯಕ್ಕೂ ಬರಹದಲ್ಲಿ ಕೊಡಿ. ವಕೀಲರನ್ನು ಇಟ್ಟುಕೊಳ್ಳಲು ಶಕ್ತಿ ಇಲ್ಲದವರು 15100ಕ್ಕೆ ಕರೆ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದ ನೆರವು ದೊರೆಯುತ್ತದೆ. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಅದಕ್ಕೆ ಅರ್ಹರು. ದೋಷಾರೋಪ ಪಟ್ಟಿಯ ಪ್ರತಿ ಪಡೆದು ಸ್ವೀಕೃತಿಗೆ ಸಹಿ ಹಾಕುವ ಮೊದಲು ಅನುಕ್ರಮಣಿಕೆಯನ್ನು ಪೂರ್ತಿ ಓದಿ, ಅವಲಂಬಿಸದ ಸಾಮಗ್ರಿಗಳ ಪಟ್ಟಿ ಅದರಲ್ಲಿ ಇಲ್ಲದಿದ್ದರೆ ‘ಸದರಿ ಪಟ್ಟಿ ದೊರೆತಿಲ್ಲ’ ಎಂದು ಸಹಿಯ ಮೇಲ್ಗಡೆ ಬರೆಯಿರಿ. ಅದೇ ದಿನ, 2021ರ ಆದೇಶವನ್ನೂ ಮನೋಜ್ ಮತ್ತು ಸರಳಾ ಗುಪ್ತಾ ತೀರ್ಪುಗಳನ್ನೂ ಉಲ್ಲೇಖಿಸಿ ಪಟ್ಟಿ ಕೋರುವ ಅರ್ಜಿ ಹಾಕಿ, ಅದರ ಪ್ರತಿಗೆ ಎಪಿಪಿಯವರ ಕಚೇರಿಯಿಂದ ದಿನಾಂಕ ಸಹಿತ ಸ್ವೀಕೃತಿ ಪಡೆದು ಇಟ್ಟುಕೊಳ್ಳಿ.